ಆರ್ಫಾಳ ಐವತ್ತು ತೋಟಾ

ಕೋವಿ ಕ್ಲಬ್ಬಿನ ಗೋಡೆಯ ಮೇಲೆ ಹಾರ್ಲನ್ ಶ್ವಾಮ್ ಎಂದು ಕೆತ್ತಿದ ಏಳು ಮರದ ಫಲಕಗಳಿವೆ. ಸಾವಿರ ಗಜ ದೂರದ ಹಾಳೆಗೆ ಹತ್ತು ಗುಂಡು ಹೊಡೆದು, ಹತ್ತನ್ನೂ ಒಂದೇ ಕಡೆ ಗುಂಪಾಗಿ ಬೀಳಿಸಿದ್ದಕ್ಕೆ ಸಿಕ್ಕಿದವು. ಅವನ ಹೆಂಡತಿ ಆರ್ಫಾಳ ಹೆಸರು ನೋಡಬೇಕೆಂದರೆ ಪಕ್ಕದ ಅಡುಗೆಕೋಣೆಗೆ ಹೋಗಬೇಕು. ಯಾವ ಭಾನುವಾರ ಯಾರು ಕಾಫಿ ಕಾಯಿಸಬೇಕು ಅನ್ನುವ ಪಟ್ಟಿಯಲ್ಲಿದೆ.

ಆದರೆ ಆ ಏಳು ಫಲಕಗಳ ಒಂದೊಂದು ಗುಂಡೂ ಆರ್ಫಾಳ ಬೆರಳು ದಾಟಿಯೇ ಹೋಗಿದ್ದು! ಗುಂಡು ಹಾರಿದ ಮೇಲೆ ಕೋವಿಯಲ್ಲಿ ಉಳಿಯುವ ಖಾಲಿ ಹಿತ್ತಾಳೆ ತೋಟಾ ಅವರಿರುವ ಕಣಿವೆಯಲ್ಲಿ ಯಾರೂ ಎಸೆಯುವ ವಸ್ತುವಲ್ಲ. ತೊಳೆದು, ಉದ್ದ ಸರಿಮಾಡಿ, ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದು ತುಂಬಿ, ಮೇಲೊಂದು ಗುಂಡು ಇಟ್ಟರೆ ಅದು ಮತ್ತೆ ಮದುವಣಗಿತ್ತಿ. ಮಾಡುವವರು ಊರಿಗೆ ಹತ್ತು ಜನರಿದ್ದಾರೆ. ಆದರೆ ಆರ್ಫಾ ಮಾಡಿದ ಹಾಗೆ ಮಾಡುವವರಿಲ್ಲ. ಅಂಗಿ ಕಾರ್ಖಾನೆ ಬಾಗಿಲು ಹಾಕುವವರೆಗೆ ಇಪ್ಪತ್ತಾರು ವರ್ಷ ಅಲ್ಲಿ ಕಾಲರ್ ಹೊಲಿದವಳು ಅವಳು. ಕಣ್ಣು ಮುಚ್ಚಿ ಎರಡು ಬೆರಳ ನಡುವೆ ಬಟ್ಟೆ ಹಿಡಿದು, ಇದರಲ್ಲಿ ಒಂದು ಎಳೆ ಕಮ್ಮಿ ಇದೆ ಅಂದರೆ ಮೇಸ್ತ್ರಿ ಬಾಯಿ ಮುಚ್ಚಿಕೊಂಡು ಥಾನನ್ನು ವಾಪಸ್ ಕಳಿಸುತ್ತಿದ್ದ. ಆ ಬೆರಳುಗಳು ಈಗ ಹಿತ್ತಾಳೆಗೆ ಬಂದಿದ್ದವು.

ಹತ್ತೊಂಬತ್ತು ವರ್ಷ ಅವಳು ಗಂಡನಿಗೆ ತೋಟಾ ಮಾಡಿಕೊಟ್ಟಳು. ಹತ್ತೊಂಬತ್ತು ವರ್ಷವೂ ಒಂದೇ ಮಾತು. ಗುಂಡುಗಳು ಚೆನ್ನಾಗಿ ಬಿದ್ದರೆ ಹಾರ್ಲನ್ ಕೈ ಮುಂದೆ ಚಾಚಿ, "ನೋಡ್ರೋ, ಈ ವಯಸ್ಸಲ್ಲೂ ಕಲ್ಲಿನ ಹಾಗಿದೆ" ಅನ್ನುತ್ತಿದ್ದ. ಒಂದು ಗುಂಡು ಆಚೆ ಹೋದರೆ, "ಆರ್ಫಾ, ಇದೊಂದು ತೋಟಾ ಸ್ವಲ್ಪ ಯಾಕೋ..." ಅಂತ ರಾಗ. ಗೆದ್ದರೆ ಅವನ ಕೈ, ಸೋತರೆ ಅವಳ ಹಿತ್ತಾಳೆ.

ಕಳೆದ ಶರತ್ಕಾಲದಲ್ಲಿ ಕ್ಲಬ್ಬಿನ ಉಸ್ತುವಾರಿ ರಾಂಬರ್ಗರ್ ಎದುರಿಗೇ ಅವನು ಆ ರಾಗ ತೆಗೆದಾಗ ಆರ್ಫಾಳಿಗೆ ತಲೆ ಕೆಟ್ಟಿತು.

"ಹಾಗಾದ್ರೆ ಮೇ ತಿಂಗಳ ಮ್ಯಾಚಿಗೆ ನನ್ನ ಹೆಸರು ಬರಿ ರಾಂಬರ್ಗರ್. ನನ್ನ ಹಿತ್ತಾಳೆ, ನನ್ನ ಕೈ. ಎರಡೂ ನಂದೇ ಆದ್ಮೇಲೆ ತಪ್ಪು ಯಾರ್ದು ಅಂತ ಗೊತ್ತಾಗ್ಲಿ."

"ನೀನಾ?" ಅಂದ ಹಾರ್ಲನ್.

"ಯಾಕೆ, ಕಾಫಿ ಪಾತ್ರೆಯೇನು ಹಗುರ ಇದೆ ಅಂದ್ಕೊಂಡಿದೀಯಾ? ನಂಗೂ ಕೈ ಗಟ್ಟಿ ಇದೆ."

ಫೆಬ್ರವರಿಯಲ್ಲಿ ಹಿಮ ಕರಗುವ ಮೊದಲೇ ಅವಳು ಮುನ್ನೂರು ಹೊಸ ತೋಟಾ ಮೇಜಿನ ಮೇಲೆ ಸುರಿದುಕೊಂಡಳು. ಅವಳ ಕೋವಿ ತೀರಿಹೋದ ಅಣ್ಣನದು. ಅದರ ಗಂಟಲು ಕಿರಿದು. ಹಾರ್ಲನ್‌ನ ತೋಟಾ ಅದರೊಳಗೆ ಹೋಗುವುದೇ ಇಲ್ಲ. ಹಾಗಾಗಿ ಎಲ್ಲವೂ ಮೊದಲಿಂದ. ಒಂದೊಂದನ್ನೇ ತೂಗಿದಳು. ಒಂದು ಅಕ್ಕಿಕಾಳಿನ ಮುರುಕಷ್ಟು ವ್ಯತ್ಯಾಸ ಬಂದದ್ದೂ ಡಬ್ಬಿಗೆ. ಇನ್ನೂರೈವತ್ತು ಹೋಗಿ ಐವತ್ತು ಉಳಿದವು. ಆ ಐವತ್ತರ ಕುತ್ತಿಗೆಯನ್ನು ಪುಟ್ಟ ಕೈಯಂತ್ರಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು ಸುತ್ತಲೂ ಒಂದೇ ದಪ್ಪ ಮಾಡಿದಳು. ಬುಡದಲ್ಲಿ ಕೇಪು ಕೂರುವ ಗುಂಡಿಯನ್ನು ಕೆರೆದು ಸಮ ಮಾಡಿದಳು. ಕಿಡಿ ಹಾಯುವ ಸಣ್ಣ ತೂತಿನ ಅಂಚಿನ ಮುಳ್ಳು ತೆಗೆದಳು. ಕುತ್ತಿಗೆಯನ್ನಷ್ಟೇ ಬೆಂಕಿಗೆ ತೋರಿಸಿ ಮೆತ್ತಗೆ ಮಾಡಿದಳು. ಬುಡಕ್ಕೆ ಶಾಖ ತಾಗಬಾರದು. ಕುತ್ತಿಗೆ ಮೆತ್ತಗಿದ್ದರೆ ಗುಂಡು ಸಲೀಸಾಗಿ ಹೋಗುತ್ತದೆ. ಬುಡ ಗಟ್ಟಿಯಿದ್ದರೆ ಮಾತ್ರ ಹೊಡೆಯುವವರ ಮುಖ ಉಳಿಯುತ್ತದೆ. ಆ ಕಣಿವೆಯಲ್ಲಿ ಕೋವಿ ಹಿಡಿಯುವ ಮೊದಲು ಮಕ್ಕಳಿಗೆ ಕಲಿಸುವ ಮಾತು ಅದು.

ಮಾರ್ಚ್ ಹೋಯಿತು, ಏಪ್ರಿಲ್ ಹೋಯಿತು. ಹೆಬ್ಬೆರಳ ಚರ್ಮ ಒಡೆಯಿತು. ಹಿಡಿ ತಿರುಗಿಸಿ ತಿರುಗಿಸಿ ಮಣಿಕಟ್ಟು ಊದಿ ಬಟ್ಟೆ ಕಟ್ಟಿಕೊಂಡಳು. ಹಾರ್ಲನ್ ಬಾಗಿಲಲ್ಲಿ ನಿಂತು, "ಇನ್ನೂ ಮುಗೀಲಿಲ್ವಾ? ಐವತ್ತೇ ತಾನೆ?" ಅನ್ನುವನು. ಅವಳು ಉತ್ತರ ಕೊಡುತ್ತಿರಲಿಲ್ಲ. ಕೊಟ್ಟರೆ ಕೈಲಿದ್ದ ಉಳಿ ಅವನ ಕಡೆ ಹಾರಬಹುದಿತ್ತು.

ಮ್ಯಾಚ್ ಭಾನುವಾರ. ಅದರ ಹಿಂದಿನ ಗುರುವಾರ ಬೆಳಗ್ಗೆ ಐವತ್ತನ್ನೂ ಕೊನೆಯ ಸಲ ಸೋಪಿನ ನೀರಲ್ಲಿ ಉರುಳಿಸಿ ತೊಳೆದಳು. ಒಣಗಲು ಬೇಕಿಂಗ್ ತಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿ ಓವನ್ನಿನೊಳಗೆ ಇಟ್ಟಳು. ಅತಿ ಕಡಿಮೆ ಶಾಖ ಹತ್ತು ನಿಮಿಷ ಕೊಟ್ಟು ಆರಿಸಿದಳು. ಬೆಚ್ಚಗಿನ ಓವನ್ನಿನಲ್ಲೇ ಬಿಟ್ಟರೆ ಮಧ್ಯಾಹ್ನಕ್ಕೆ ತಾವೇ ಒಣಗುತ್ತವೆ. ಆ ಮನೆಯಲ್ಲಿ ಓವನ್ನಿನ ಹಿಡಿಗೆ ಕೆಂಪು ಕೈಗವಸು ಸಿಕ್ಕಿಸಿದ್ದರೆ ಒಳಗೆ ಹಿತ್ತಾಳೆ ಇದೆ, ಮುಟ್ಟಬೇಡ ಅಂತ ಅರ್ಥ. ಸಿಕ್ಕಿಸಿದಳು. ಆಮೇಲೆ ಚರ್ಚಿಗೆ ಹೋದಳು. ಅಲ್ಲಿ ಗುರುವಾರಗಳಂದು ಹೆಂಗಸರೆಲ್ಲ ಸೇರಿ ಮಾರಾಟಕ್ಕೆ ಆಲೂಗಡ್ಡೆ ಕಡುಬು ಮಾಡುತ್ತಾರೆ. ಸಾವಿರದ ಇನ್ನೂರು ಕಡುಬು ಮಡಚಿ ಸಂಜೆ ಮನೆಗೆ ಬಂದರೆ, ಐವತ್ತು ತೋಟಾ ಪ್ಲಾಸ್ಟಿಕ್ ಪೆಟ್ಟಿಗೆಯ ಗೂಡುಗಳಲ್ಲಿ ಕೂತು ಫಳಫಳ ಹೊಳೆಯುತ್ತಿವೆ!

"ಒಣಗಿದ್ವು. ತೆಗೆದಿಟ್ಟೆ," ಅಂದ ಹಾರ್ಲನ್, ಪೇಪರಿನಿಂದ ತಲೆ ಎತ್ತದೆ.

"ನೀನೇ?"

"ಯಾಕೆ, ನಂಗೆ ಕೈಯಿಲ್ವಾ?"

ಹತ್ತೊಂಬತ್ತು ವರ್ಷಕ್ಕೆ ಮೊದಲ ಸಲ. ಆರ್ಫಾಳ ಮನಸ್ಸು ಕರಗಿತು. ಆ ರಾತ್ರಿ ಅವನ ತಟ್ಟೆಗೆ ಒಂದು ಕಡುಬು ಜಾಸ್ತಿಯೇ ಬಿತ್ತು.

ಶುಕ್ರವಾರ ಮಧ್ಯಾಹ್ನ ಕೇಪು ಕೂರಿಸಲು ಕೂತಳು. ಕೈಯಲ್ಲಿ ಹಿಡಿಯುವ ಚಿಕ್ಕ ಉಪಕರಣ. ತೋಟಾ ಸಿಕ್ಕಿಸಿ ಹೆಬ್ಬೆರಳಿಂದ ಒತ್ತಿದರೆ ಕೇಪು ಬುಡದ ಗುಂಡಿಗೆ ಹೋಗಿ ಕೂರುತ್ತದೆ. ಹೊಸ ಹಿತ್ತಾಳೆ ಅಂದರೆ ಒಂದಿಷ್ಟು ಜಿಗುಟು ಇರಬೇಕು, ಬಿಗಿ ಬಿಗಿಯಾಗಿ ಇಳಿಯಬೇಕು. ಮೊದಲನೆಯದು ಬೆಣ್ಣೆಗೆ ಕಾಸು ಒತ್ತಿದಂತೆ ಇಳಿದುಬಿಟ್ಟಿತು.

ನನ್ನ ಹೆಬ್ಬೆರಳೇ ಸತ್ತಿದೆ, ಅಂದುಕೊಂಡಳು. ಕೈ ಬಿಸಿನೀರಲ್ಲಿ ಅದ್ದಿ ಬಂದಳು. ಎರಡನೆಯದೂ ಹಾಗೆಯೇ. ಉಪಕರಣ ಬಿಚ್ಚಿ, ಒರೆಸಿ, ಜೋಡಿಸಿದಳು. ಮೂರನೆಯದೂ ಹಾಗೆಯೇ. ಕೇಪಿನ ಡಬ್ಬಿ ಬದಲಾಯಿಸಿದಳು. ನಾಲ್ಕನೆಯದು. ಗುಂಡಿಯನ್ನು ನಾನೇ ಜಾಸ್ತಿ ಕೆರೆದುಬಿಟ್ಟೆನೇ? ಅಳತೆ ಹಿಡಿದು ನೋಡಿದಳು. ಒಂದು ಎಳೆಯೂ ಆಚೀಚೆ ಇಲ್ಲ. ಕನ್ನಡಕ ತೆಗೆದಳು, ಹಾಕಿದಳು, ಮತ್ತೆ ತೆಗೆದು ಮೇಜಿನ ಮೇಲೆ ಕುಕ್ಕಿದಳು. ಮೂರು ತಿಂಗಳ ಕೆಲಸ, ನಾಳಿದ್ದು ಮ್ಯಾಚ್, ಈಗ ಈ ಹಾಳಾದ ಬೆರಳು ಸುಳ್ಳು ಹೇಳುತ್ತಿದೆ!

ಅಷ್ಟರಲ್ಲಿ ಹಾರ್ಲನ್ ಕಾಫಿ ಹಿಡಿದು ಬಂದ.

"ಸುಸ್ತಾಗಿದೀಯ. ಸ್ವಲ್ಪ ಮಲಕ್ಕೋ."

"ನಂಗೇನೂ ಆಗಿಲ್ಲ."

"ಪಾತ್ರೆ ತೊಳೆದಿಟ್ಟೆ."

"ಹೂಂ."

"ನೆಲಾನೂ ಗುಡಿಸಿದೆ."

ಆರ್ಫಾ ತಲೆ ಎತ್ತಿ ಅವನ ಮುಖ ನೋಡಿದಳು. ಅವನ ಕಣ್ಣು ಕಿಟಕಿಯಾಚೆ ಹೋಗಿ, ಅಲ್ಲಿ ಇಲ್ಲದ ಏನನ್ನೋ ನೋಡತೊಡಗಿತು. ಮನೆ ಕಟ್ಟಿದಾಗಿನಿಂದ ಈ ಮನುಷ್ಯ ಪೊರಕೆ ಮುಟ್ಟಿದವನಲ್ಲ.

ಅವಳು ಐದನೆಯ ತೋಟಾ ಎತ್ತಿ ಬೆಳಕಿಗೆ ಹಿಡಿದಳು. ಬುಡದ ಕಿಡಿತೂತಿನಲ್ಲಿ ಏನೋ ಸಿಕ್ಕಿಕೊಂಡಿತ್ತು. ಸೂಜಿಯಿಂದ ಕೆದಕಿ ಅಂಗೈಗೆ ಹಾಕಿಕೊಂಡಳು. ಹಳದಿ ಪುಡಿ. ಜೋಳದ ದಿಂಡಿನ ಪುಡಿ.

ಗ್ಯಾರೇಜಿನ ಮೂಲೆಯಲ್ಲಿ ಹಳೆಯ ಉರುಳು ಡಬ್ಬಿಯೊಂದಿದೆ. ಜೋಳದ ದಿಂಡಿನ ಪುಡಿ ತುಂಬಿಸಿ ತೋಟಾ ಹಾಕಿ ಗಿರಗಿರ ಉರುಳಿಸಿದರೆ ಎಂಥ ಕಲೆಯೂ ಹೋಗಿ ಹೊಳಪು ಬರುತ್ತದೆ. ಆರ್ಫಾ ಅದನ್ನು ಬಿಟ್ಟು ಎಂಟು ವರ್ಷವಾಯಿತು.

"ಹಾರ್ಲನ್."

"ಹಾಂ?"

"ನೀರಲ್ಲಿ ತೊಳೆದು ಓವನ್ನಲ್ಲಿಟ್ಟ ತೋಟಾದೊಳಗೆ ಜೋಳದ ದಿಂಡು ಎಲ್ಲಿಂದ ಬಂತು?"

ಅವನು ಸ್ಟೂಲಿನ ಮೇಲೆ ಕುಸಿದ. ಆಮೇಲೆ ಒಂದೊಂದೇ ಬಂತು. ಅವನಮ್ಮನ ಕಾಲದ ಕಬ್ಬಿಣದ ಬಾಣಲೆ ತುಕ್ಕು ಹಿಡಿದಿತ್ತು. ಕೊಬ್ಬು ಸವರಿ ಬಿಸಿ ಓವನ್ನಿನಲ್ಲಿ ಕಾಸೋಣ ಅಂದುಕೊಂಡ. ಬಿಸಿ ಬಾಣಲೆ ಹಿಡಿಯಲು ಬೇಕೆಂದು ಕೆಂಪು ಕೈಗವಸು ತೆಗೆದುಕೊಂಡ.

"ಹಿಡಿಯಲ್ಲಿ ಯಾಕೆ ನೇತಾಡ್ತಿತ್ತು ಅಂತ ಯೋಚನೆ ಬರ್ಲಿಲ್ವಾ?"

"ಕೈಗೆ ಸಿಕ್ತಲ್ಲ, ಒಳ್ಳೇದಾಯ್ತು ಅಂದ್ಕೊಂಡೆ ಕಣೇ."

ಓವನ್ ಮೊದಲು ಕಾಯಲಿ ಅಂತ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿ, ಬಾಣಲೆಯ ತುಕ್ಕು ಉಜ್ಜಲು ಗ್ಯಾರೇಜಿಗೆ ಹೋದ. ಅಲ್ಲಿಗೆ ಸೋದರಮಾವನ ಮಗನ ಫೋನು ಬಂತು, ಹೊಳೆಯಲ್ಲಿ ಮೀನು ಎದ್ದಿವೆ ಅಂತ. ಎರಡು ಗಂಟೆ ಮೀನಿನ ಮಾತು! ವಾಪಸ್ ಬಂದು ಓವನ್ ಬಾಗಿಲು ತೆಗೆದರೆ ಐವತ್ತೂ ಬುಡದಿಂದ ತುದಿಯವರೆಗೆ ಕಂದು ನೀಲಿ ಬಣ್ಣಕ್ಕೆ ತಿರುಗಿ ನಿಂತಿದ್ದವು. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ.

"ಬಣ್ಣ ಹೋದ್ರೆ ಸರಿಹೋಗುತ್ತೆ ಅಂತ... ದಿಂಡಲ್ಲಿ ಹಾಕ್ದೆ."

ಆರ್ಫಾ ಇನ್ನೂ ಕೇಪು ಹಾಕದ ಒಂದನ್ನು ಎತ್ತಿ ಬುಡದ ಹತ್ತಿರ ಇಕ್ಕಳದಿಂದ ಹಿಸುಕಿದಳು. ಗಟ್ಟಿ ಹಿತ್ತಾಳೆಯಾದರೆ ಚಿಮ್ಮಿ ಹಿಂದಕ್ಕೆ ಬರಬೇಕು. ಇದು ತಗಡಿನ ಹಾಗೆ ತಗ್ಗಿ ಅಲ್ಲೇ ಉಳಿಯಿತು.

"ಯಾವಾಗ ಹೇಳೋನಿದ್ದೆ?"

"ಹೇಳೋನೇ ಇದ್ದೆ. ನಿನ್ನೆ ನೀನು ಬಂದಾಗ ಅಷ್ಟು ಖುಷಿಯಾಗಿದ್ದೆ. ಬೆಳಿಗ್ಗೆ ಹೇಳೋಣ ಅಂದ್ಕೊಂಡೆ. ಬೆಳಿಗ್ಗೆ ನೀನು ಹಾಡ್ತಾ ಇದ್ದೆ."

"ಭಾನುವಾರ ನಾನು ಟ್ರಿಗರ್ ಎಳೆಯೋವಾಗ್ಲೂ ಹಾಡ್ತಾ ಇದ್ದಿದ್ರೆ? ಬುಡ ಒಡೆದು ಬಂದ್ರೆ ಅದು ಬರೋದು ಯಾರ ಮುಖಕ್ಕೆ ಹಾರ್ಲನ್? ನಿನ್ನ ಬಾಣಲೆಗಾ?"

ಅವನು ತಗ್ಗಿಹೋದ ಬುಡವನ್ನೇ ನೋಡಿದ. ಮುಖ ಬಿಳುಚಿಕೊಂಡಿತ್ತು. ಅಷ್ಟು ದೂರ ಅವನು ಯೋಚಿಸಿಯೇ ಇರಲಿಲ್ಲ ಅನ್ನುವುದು ಅವಳಿಗೆ ಕಂಡಿತು. ಅದಕ್ಕೇ ಇನ್ನೂ ಜಾಸ್ತಿ ಕೋಪ ಬಂತು. ಬೇಕೆಂದು ಮಾಡಿದ್ದರೆ ಜಗಳವಾದರೂ ನೆಟ್ಟಗೆ ಆಡಬಹುದಿತ್ತು!

ಕೂರಿಸಿದ್ದ ನಾಲ್ಕು ಕೇಪುಗಳನ್ನು ನಿಧಾನವಾಗಿ ಹೊರತೆಗೆದಳು. ಆಮೇಲೆ ಐವತ್ತನ್ನೂ ಒಂದೊಂದಾಗಿ ಮೇಜಿನ ತುದಿಯ ಕಬ್ಬಿಣದ ಬಿಗಿಹಿಡಿಗೆ ಸಿಕ್ಕಿಸಿ ಅಪ್ಪಚ್ಚಿ ಮಾಡಿದಳು. ಕೆಟ್ಟ ಹಿತ್ತಾಳೆಯನ್ನು ಹಾಗೇ ಬಿಸಾಡುವುದು ಆ ಜನಕ್ಕೆ ದೊಡ್ಡ ಪಾಪ. ಹೊಳಪು ನೋಡಿ ಯಾರೋ ಎತ್ತಿಕೊಂಡು ತುಂಬಿಬಿಟ್ಟರೆ? ಕರ್ರ್ ಕರ್ರ್ ಅಂತ ಒಂದೊಂದೂ ಮಡಚಿಕೊಳ್ಳುವಾಗ ಅವಳಿಗೆ ಗೊತ್ತಾಗುತ್ತಿತ್ತು: ಇದು ಮಾರ್ಚ್ ಮೊದಲ ವಾರದ್ದು, ಇದು ಜ್ವರ ಬಂದ ದಿನ ಮಾಡಿದ್ದು. ಹಾರ್ಲನ್ ಎದ್ದು ಹೋಗಲು ನೋಡಿದ.

"ಕೂತ್ಕೋ. ಪೂರ್ತಿ ನೋಡು."

ಅವನು ಕೂತ. ಐವತ್ತನ್ನೂ ನೋಡಿದ.

ಮುಗಿದ ಮೇಲೆ, "ರಾಂಬರ್ಗರಿಗೆ ಫೋನ್ ಮಾಡಿ ಮುಂದಿನ ತಿಂಗಳಿಗೆ ಹಾಕ್ಸೋಣ," ಅಂದ ಮೆಲ್ಲಗೆ.

"ಹಾಕ್ಸಿದ್ರೆ ಏನಂತಾನೆ? ಆರ್ಫಾಗೆ ಹೆದರಿಕೆಯಾಯ್ತು ಅಂತಾನೆ. ನೀನು ಓವನ್ ಕಥೆ ಹೇಳ್ತೀಯಾ ಎಲ್ಲರ ಮುಂದೆ?"

ಅವನು ತಲೆ ಕೆರೆದುಕೊಂಡ.

"ಹೇಳಲ್ಲ ಅಲ್ವಾ? ಹಾಗಾದ್ರೆ ಆ ಡಬ್ಬಿಗಳನ್ನ ಇಳಿಸು."

ಮೂರು ಕಾಫಿ ಡಬ್ಬಿ. ತೂಕ ಸೇರದೆ ಅವಳೇ ಬಿಟ್ಟ ಇನ್ನೂರೈವತ್ತು. ತಾನೇ ಬೇಡವೆಂದವರ ಮನೆ ಬಾಗಿಲಿಗೇ ಮತ್ತೆ ಹೋಗಿ ನಿಂತ ಹಾಗಾಯಿತು. ಶನಿವಾರ ಬೆಳಗಾಗುತ್ತಲೇ ಕೂತು, ಅವುಗಳಲ್ಲಿ ಒಂದಕ್ಕೊಂದು ಹತ್ತಿರವಿರುವ ಇಪ್ಪತ್ತೆರಡನ್ನು ತೂಗಿ ಆರಿಸಿದಳು. ಮೂರು ತಿಂಗಳ ಕೆಲಸ ಒಂದು ಹಗಲಿನಲ್ಲಿ ಆಗಬೇಕು. ಮಣಿಕಟ್ಟು ಊದಿತ್ತು. ಕುತ್ತಿಗೆ ಹೆರೆಯುವ ಯಂತ್ರವನ್ನು ಹಾರ್ಲನ್ ಕಡೆ ತಳ್ಳಿದಳು.

"ಒಂದೇ ಸಮ ತಿರುಗಿಸು. ನಿಲ್ಲಿಸಬೇಡ, ಒತ್ತಬೇಡ."

"ಇದೇನು ಮಹಾ," ಅಂದ ಅವನು, ತೋಳು ಮಡಚಿ.

ಮೊದಲನೆಯದರ ಕುತ್ತಿಗೆ ಕಾಗದದಷ್ಟು ತೆಳ್ಳಗಾಗಿ ಸೀಳಿತು. ಎರಡನೆಯದು ಒಂದು ಕಡೆ ದಪ್ಪ, ಒಂದು ಕಡೆ ಬೋಳು. ಕಲ್ಲಿನ ಹಾಗಿದ್ದ ಆ ಕೈ ಬೆವರುತ್ತಿತ್ತು. ಆರನೆಯದಕ್ಕೆ ಬರುವಾಗ ಅವನು ಬೆರಳು ಕೊಯ್ದುಕೊಂಡು ಯಂತ್ರದ ಮೇಲೆ ಬೈಗುಳದ ಮಳೆ ಸುರಿಸಿದ.

"ಇಷ್ಟು ವರ್ಷ ನೀನು ಇದನ್ನೇ ಮಾಡ್ತಿದ್ಯಾ ಆರ್ಫಾ?"

"ಇಲ್ಲ, ನಿಂಗೆ ಕಾಲ್ಚೀಲ ಹೆಣೀತಿದ್ದೆ."

"ನಾನು ಮಾಡಿದ್ರಲ್ಲಿ ನಾಲ್ಕು ಚೆನ್ನಾಗಿದೆ ನೋಡು."

ಅವಳು ಆ ನಾಲ್ಕನ್ನು ಬೆರಳಲ್ಲಿ ಹೊರಳಿಸಿ ನೋಡಿ ಪಕ್ಕಕ್ಕಿಟ್ಟಳು. ಯಂತ್ರ ವಾಪಸ್ ಎಳೆದುಕೊಂಡು, ಊದಿದ ಕೈಯಿಂದಲೇ ಉಳಿದ ಹದಿನಾರನ್ನು ಮುಗಿಸಿದಳು. ಇವು ಸಾಲುವುದಿಲ್ಲ, ಅಂತ ಪ್ರತಿಯೊಂದಕ್ಕೂ ಹೇಳಿಕೊಂಡಳು. ಒಂದರ ಹಾಗೆ ಇನ್ನೊಂದಿಲ್ಲ. ಸಂಜೆಯೊಳಗೆ ಕೇಪು, ಮದ್ದು, ಗುಂಡು ಎಲ್ಲ ಆಯಿತು. ಮ್ಯಾಚಿಗೆ ಹತ್ತು, ಅದಕ್ಕೂ ಮೊದಲು ಗಾಳಿ ನೋಡಲು ಐದು. ಹದಿನೈದು ಸಾಕು, ಇರುವುದು ಹದಿನಾರು. ಒಂದೇ ಒಂದು ಹೆಚ್ಚು.

ಭಾನುವಾರ ರಾಂಬರ್ಗರ್ ಮೈಕಿನಲ್ಲೇ ಶುರುಮಾಡಿದ: "ಏನಮ್ಮಾ ಆರ್ಫಾ, ಇವತ್ತು ಕಾಫಿ ಯಾರು ಕಾಯಿಸ್ತಾರೆ?"

"ಕೈಯಿರೋರು ಕಾಯಿಸ್ಕೋತಾರೆ," ಅಂದಳು. ಬೆಂಚಿನ ಹಿಂದಿದ್ದವರೆಲ್ಲ ನಕ್ಕರು. ಹಾರ್ಲನ್ ಒಬ್ಬ ನಗಲಿಲ್ಲ.

ಕಣಿವೆಯುದ್ದಕ್ಕೂ ಗಾಳಿಯ ಬಾವುಟಗಳು ಎಡಕ್ಕೆ ಮಲಗಿದ್ದವು. ಆರ್ಫಾ ಬೆಂಚಿಗೆ ಕೂತು ಕೆನ್ನೆಯನ್ನು ಕೋವಿಯ ಮರದ ಹಿಡಿಗೆ ಆನಿಸಿದಳು. ಮೊದಲ ಐದು ಗಾಳಿ ನೋಡಲು ಹೋದವು. ಆಮೇಲೆ ಲೆಕ್ಕದ ಹತ್ತು. ಒಂದು, ಎರಡು, ಮೂರು... ಬಾವುಟ ನೋಡು, ಉಸಿರು ಬಿಡು, ಎಳೆ. ಒಂಬತ್ತು ಹೋದವು. ಹತ್ತನೆಯದನ್ನು ಕೋವಿಗೆ ಹಾಕಿ ಬೋಲ್ಟ್ ಮುಚ್ಚಿದಾಗ ದೂರದ ಬಾವುಟ ಸಟ್ಟನೆ ಬಿದ್ದಿತು. ಗಾಳಿ ನಿಂತಿತು; ಗಾಳಿಗೆಂದು ಬಲಕ್ಕೆ ಹಿಡಿದ ಗುರಿ ಈಗ ಬಲಕ್ಕೇ ಹೋಗುತ್ತದೆ. ಅವಳು ಕಂಡಳು, ಕಾಯಬೇಕು ಅಂತ ಗೊತ್ತಿತ್ತು. ಸಮಯವೂ ಇತ್ತು. ಆದರೆ ಮೂರು ತಿಂಗಳು ಕಾದಿದ್ದಳು. ಒಮ್ಮೆ ಮುಗಿದರೆ ಸಾಕಾಗಿತ್ತು. ಎಳೆದಳು.

ಗುರಿಹಾಳೆಯನ್ನು ಗಾಡಿಯಲ್ಲಿ ತಂದು ಶೆಡ್ಡಿನ ಗೋಡೆಗೆ ಚುಚ್ಚಿದಾಗ ಗುಂಪು ಕಟ್ಟಿತು. ಒಂಬತ್ತು ತೂತು, ಊಟದ ತಟ್ಟೆಯೊಂದು ಮುಚ್ಚುವಷ್ಟು ಜಾಗದಲ್ಲಿ. ಹತ್ತನೆಯದು ಒಂದು ಗೇಣು ಆಚೆ, ಬಲಕ್ಕೆ, ಒಂಟಿಯಾಗಿ. ಸ್ಪರ್ಧೆಯ ಲೆಕ್ಕದಲ್ಲಿ ಎಲ್ಲ ಕೆಡಿಸಲು ಆ ಒಂದು ತೂತೇ ಸಾಕು; ಹತ್ತು ಜನರಲ್ಲಿ ಆರನೆಯವಳು.

"ಅಬ್ಬಾ, ಒಂಬತ್ತು ನೋಡ್ರೋ!" ಅಂದ ರಾಂಬರ್ಗರ್. "ಹತ್ತನೇದಕ್ಕೆ ಏನಾಯ್ತಮ್ಮ?"

ಆರ್ಫಾ ಬಾಯಿ ತೆರೆಯುವ ಮೊದಲೇ ಹಾರ್ಲನ್ ನುಗ್ಗಿ ಮುಂದೆ ಬಂದ. ಕಿವಿ ಕೆಂಪಾಗಿತ್ತು. "ಅದು ನನ್ನ ತಪ್ಪು," ಅಂದ ಎಲ್ಲರಿಗೂ ಕೇಳುವ ಹಾಗೆ. "ನಿನ್ನೆ ಒಂದು ನಾಲ್ಕು ತೋಟಾ ನಾನು ಮಾಡಿದ್ದೆ. ಅವಳ ಒಳ್ಳೇ ಐವತ್ತನ್ನ ಓವನ್ನಲ್ಲಿ ಸುಟ್ಟಿದ್ದೂ ನಾನೇ. ಹತ್ತನೇದು ನಾನು ಮಾಡಿದ ತೋಟಾನೇ ಆಗಿರುತ್ತೆ. ಆರ್ಫಾ ಕೈ ಕಲ್ಲಿನ ಹಾಗಿದೆ."

ಇಷ್ಟು ವರ್ಷ ಅವಳು ಕೇಳಬೇಕು ಅಂತಿದ್ದ ಮಾತು ಅದೇ ಇರಬೇಕು ಅಂತ ನೀವಾಗಿದ್ದರೆ ಅಂದುಕೊಳ್ಳುತ್ತಿದ್ದಿರಿ. ಅವಳಿಗೆ ಮೈಯೆಲ್ಲ ಉರಿಯಿತು.

"ಬಿಡೋ ಮಾರಾಯ! ಇಷ್ಟು ದಿನ ನಿನ್ನ ತಪ್ಪನ್ನ ನನ್ನ ತಲೆಗೆ ಕಟ್ಟಿದೆ, ಈಗ ನನ್ನ ತಪ್ಪನ್ನೂ ಕಿತ್ಕೋತೀಯಾ? ಬಾವುಟ ಬಿದ್ದಿದ್ದು ನಾನು ನೋಡ್ದೆ. ನೋಡಿನೂ ಎಳೆದೆ. ಅದು ನಂದು. ನಂಗೇ ಇರ್ಲಿ."

"ಆದ್ರೆ ಆ ನಾಲ್ಕು ತೋಟಾ..."

"ನೀನು ಮಾಡಿದ್ದು ಒಂದೂ ತಂದಿಲ್ಲ ನಾನು."

ಹಾರ್ಲನ್‌ನ ಮುಖ ಇಳಿಯಿತು. "ಒಂದೂ?"

"ಒಂದೂ."

"ಚೆನ್ನಾಗೇ ಬಂದಿದ್ವಲ್ಲೇ, ನಾಲ್ಕು."

"ಚೆನ್ನಾಗಿರೋದು ಬೇರೆ, ಒಂದೇ ಥರ ಇರೋದು ಬೇರೆ."

ರಾಂಬರ್ಗರ್ ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಮೈಕಿನ ಕಡೆ ಹೋದ. ಆರ್ಫಾ ಹಾಳೆಯ ಮುಂದೆಯೇ ನಿಂತಳು. ಯಾರೋ ಬೆನ್ನು ತಟ್ಟಿದರು, ಯಾರೋ ಮೊದಲ ಸಲಕ್ಕೆ ಇದು ಅದ್ಭುತ ಅಂದರು. ಒಂದೂ ಕಿವಿಗೆ ಬೀಳಲಿಲ್ಲ. ಒಂದು ನಿಮಿಷ. ಒಂದೇ ಒಂದು ನಿಮಿಷ ಕಾಯಲು ನನಗೇನು ರೋಗ ಬಂದಿತ್ತು? ಮದ್ದಲ್ಲ, ಹಿತ್ತಾಳೆಯಲ್ಲ, ಅಣ್ಣನ ಕೋವಿಯಲ್ಲ. ಯಾರ ಮೇಲೂ ಹಾಕುವ ಹಾಗಿಲ್ಲ! ಬೇಕು ಅಂತ ಕೇಳಿಕೊಂಡಿದ್ದು ಇದನ್ನೇ, ಸಿಕ್ಕ ಮೇಲೆ ನುಂಗಲಾಗದೆ ನಿಂತಿದ್ದಾಳೆ.

ಅವಳು ದುರದುರನೆ ಹೆಸರು ಬರೆಸುವ ಮೇಜಿನ ಹತ್ತಿರ ಹೋದಳು. ಜೂನ್ ಮ್ಯಾಚಿನ ಪಟ್ಟಿಯಲ್ಲಿ ಇನ್ನೂ ಎರಡು ಗೆರೆ ಖಾಲಿಯಿದ್ದವು. ಪೆನ್ನು ತೆಗೆದು ತನ್ನ ಹೆಸರು ಹಾಕಲು ಹೋದರೆ ಅದು ಬರೆಯಲಿಲ್ಲ. ಕೊಡವಿದಳು. ಊದಿದಳು. ಆಗಲೂ ಬರೆಯಲಿಲ್ಲ.

"ಈ ಕ್ಲಬ್ಬಲ್ಲಿ ನೆಟ್ಟಗಿರೋ ಪೆನ್ನು ಒಂದಾದ್ರೂ ಇದೆಯೇನ್ರೋ?" ಅಂತ ಕೂಗಿದಳು.